ಹಾಲಿನ ಕ್ಯಾನ್ ಕಟ್ಟಿದರೆ ಅದು ಸೈಕಲ್ ಅಲ್ಲವಂತೆ

ಸ್ನೇಹಿತರೇ, ಇವತ್ತು ಪುರಸಭೆಯ ಸಭೆಗೆ ಹೋಗಿದ್ದೆ. ಸೈಕಲ್ ದಾರಿಗೆ ಅನುದಾನ ಬಂದಿದೆ, ಸಲಹೆ ಕೊಡಿ ಎಂದು ಆಟೋದಲ್ಲಿ ಕೂಗಿಸಿದ್ದರು. ನನ್ನದು ಒಂದೇ ಸಲಹೆ: ಹೊಳೆ ಸೇತುವೆ ಮೇಲೆ ಸೈಕಲ್ಲಿಗೆ ಬೇರೆ ಜಾಗ ಬಿಡಿ. ಹೋದ ವರ್ಷ ನಮ್ಮ ಯಜಮಾನರು ಡೈರಿಗೆ ಹಾಲು ಒಯ್ಯುವಾಗ ಅಲ್ಲೇ ಲಾರಿಗೆ ಸಿಕ್ಕಿದರು.

ಎಂಜಿನಿಯರ್ ನಕ್ಷೆ ತೋರಿಸಿದರು. ದಾರಿ ಪಾರ್ಕಿನಿಂದ ಹೊರಟು ಪಾರ್ಕಿಗೇ ಬರುತ್ತದೆ.

"ಸೇತುವೆ ಮೇಲೆ ಸೈಕಲ್ಲೇ ಇಲ್ಲಮ್ಮ. ಜನ ನಿಲ್ಲಿಸಿ ಎಣಿಸಿದ್ದೀವಿ. ಸೈಕಲ್ ಇಲ್ಲದ ಕಡೆ ಅನುದಾನ ಹಾಕೋಕೆ ಬರಲ್ಲ."

ಸೇತುವೆಯಾಚೆ ಹ್ಯಾಂಡ್‌ಪೋಸ್ಟ್ ಕಡೆ ಹಾಲು ಹಾಕುವ ಸಿದ್ದಣ್ಣ ಹಿಂದಿನ ಸಾಲಿನಿಂದ ಎದ್ದ. "ನಾನು ದಿನಾ ಎಲ್ಡು ಸಲ ಓಗ್ತೀನಲ್ಲ ಸಾ, ನಂದೇನು ಇಮಾನವಾ?"

ಗುಮಾಸ್ತರು ಎಣಿಕೆಯ ಪಟ್ಟಿ ತೆಗೆದರು. ಕ್ಯಾನು, ಮೂಟೆ, ಹುಲ್ಲಿನ ಹೊರೆ ಕಟ್ಟಿದ ಸೈಕಲ್ಲುಗಳನ್ನೆಲ್ಲ 'ಸರಕು ವಾಹನ' ಎಂದು ಟೆಂಪೋಗಳ ಜೊತೆ ಸೇರಿಸಿದ್ದರು.

"ಅಂಗಾದ್ರೆ ನಾಳೆಯಿಂದ ಟೆಂಪೋ ಆರ್ನ್ ಕಟ್ಕೊತೀನಿ ಬುಡಿ ಸಾ, ಲಾರಿಯವ್ನು ಜಾಗ ಕೊಟ್ಟಾನು," ಎಂದ ಸಿದ್ದಣ್ಣ. ಎಲ್ಲರೂ ನಕ್ಕರು. ಎಂಜಿನಿಯರೂ ನಕ್ಕು, "ಮುಂದಿನ ಅನುದಾನ ಬಂದಾಗ ಸರಿಯಾಗಿ ಎಣಿಸ್ತೀವಿ" ಎಂದು ನಕ್ಷೆ ಸುತ್ತಿಟ್ಟರು.

ಮನೆಗೆ ಬಂದು, ಅಪಘಾತವಾದಾಗ ಪೊಲೀಸರು ಕೊಟ್ಟಿದ್ದ ಕಾಗದವನ್ನು ಬೀರುವಿನಿಂದ ತೆಗೆದು ಓದಿದೆ. 'ಮೃತರು ಸೈಕಲ್ ಸವಾರರು' ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹಾಲಿನವರನ್ನು ಸೈಕಲ್ ಸವಾರರೆಂದು ಸರ್ಕಾರ ಒಪ್ಪುವುದು ಸತ್ತ ಮೇಲೆಯೇ ಎಂದು ಕಾಣುತ್ತದೆ.