ಸಾವುಕಾರನಿಗೆ ಆಕೆಯ ಉತ್ತರ

ನಮ್ಮ ನಾಟಕ ತಂಡದಲ್ಲಿ ಎಲ್ಲರ ಮನೆಮಾತೂ ಕನ್ನಡ. ನನ್ನನ್ನು ಬಿಟ್ಟರೆ ಉಳಿದವರಿಗೆ ಓದಲು ಬರುವುದು ಮರಾಠಿ ಮಾತ್ರ. ಹೀಗಾಗಿ ಪ್ರತಿಯೊಬ್ಬರ ಮಾತನ್ನೂ ಮರಾಠಿ ಅಕ್ಷರಗಳಲ್ಲಿ ಬರೆದುಕೊಡುವುದು, ಪ್ರಯೋಗದ ದಿನ ಪರದೆಯ ಪಕ್ಕ ಕುಳಿತು ಮರೆತದ್ದನ್ನು ಎತ್ತಿಕೊಡುವುದು ನನ್ನ ಕೆಲಸ. ಪೂರ್ತಿ ಕನ್ನಡ ಪ್ರತಿ ಇದ್ದದ್ದು ನನ್ನೊಬ್ಬನ ಕೈಯಲ್ಲಿ.

ಆ ವರ್ಷ ಸಾವುಕಾರನ ಪಾತ್ರ ಮಾಡಿದವರು ಸೋಲಾಪುರದ ಬಟ್ಟೆ ವ್ಯಾಪಾರಿ. ಮನೆಗೆಲಸದವಳ ಪಾತ್ರ ಚಪಳಗಾಂವದ ಹೆಣ್ಣುಮಗಳದು. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮುಗಿಸಿ ತಾಲೀಮಿಗೆ ಬರುತ್ತಿದ್ದಳು. ಮೂರನೆಯ ಅಂಕದಲ್ಲಿ ಸಾವುಕಾರ ಅವಳಿಗೆ ಅಡ್ಡ ನಿಂತು, "ನನ್ನ ಮನಿ ಅನ್ನಾ ಉಂಡಾಕಿ, ನನಗ ಒಲ್ಲೆ ಅಂತೀಯೇನ?" ಎನ್ನುತ್ತಾನೆ. "ಆ ಅನ್ನಾ ಮಾಡಿ ಹಾಕಿದಾಕಿನೂ ನಾನ. ಒಲ್ಲೆ," ಎಂದು ಅವಳ ಉತ್ತರ.

"ಮಾಸ್ತರ, ಆಕಿ ಮಾತ ತಗೀರಿ," ಎಂದರು ವ್ಯಾಪಾರಿ, ನಗುತ್ತಲೇ. "ಮುಂದಿನ ಸಾಲಿನ್ಯಾಗ ನಮ್ಮ ಪೇಟಿ ಮಂದಿ ಕುಂತಿರ್ತಾರ. ಕಸಾ ಹೊಡ್ಯಾಕಿ ಕಡಿಂದ ಅನ್ನಿಸ್ಕೊಳ್ಳಾಕ ಬಂದೀನೇನ ನಾ?"

ಅನ್ನಿಸಿಕೊಳ್ಳುವುದು ಸಾವುಕಾರ, ನೀವಲ್ಲ ಎಂದು ನಾನು ಹೇಳಲಿಲ್ಲ. ತಾಲೀಮು ನಡೆಯುತ್ತಿದ್ದುದು ಅವರ ಗೋದಾಮಿನಲ್ಲಿ. ಅವಳ ಹಾಳೆಯಿಂದ ಆ ಸಾಲನ್ನು ತೆಗೆದೆ.

ಒಂದು ಸಂಜೆ ಅವಳೇ ಕೇಳಿದಳು: "ಸರ್, ಅಂವ ಅಷ್ಟಂದ್ರೂ ಈಕಿ ಸುಮ್ನ ನಿಂದರತಾಳೇನ್ರಿ? ನಮ್ಮವ್ವ ಆಗಿದ್ರ ಲಟ್ಟಣಿಗಿ ತಗೋತಿದ್ಲು."

"ಬರದದ್ದ ಇಷ್ಟ ನೋಡವಾ," ಎಂದೆ.

ಅಕ್ಕಲಕೋಟದ ಪ್ರಯೋಗದಲ್ಲಿ ವ್ಯಾಪಾರಿ ಸಾವುಕಾರನ ಆ ಮಾತು ಹೇಳಿ, ತಾಲೀಮಿನಲ್ಲಿ ಎಂದೂ ಮಾಡದ್ದನ್ನು ಮಾಡಿದರು: ಅವಳ ಮಣಿಕಟ್ಟು ಹಿಡಿದರು. ಮುಂದಿನ ಸಾಲು ನಕ್ಕಿತು. ಅವಳು ಕೈ ಬಿಡಿಸಿಕೊಳ್ಳಲು ನೋಡುತ್ತ ನನ್ನ ಕಡೆ ತಿರುಗಿದಳು. ನನ್ನ ಬೆರಳು ಕನ್ನಡ ಪ್ರತಿಯಲ್ಲಿ, ನಾನು ತೆಗೆದಿದ್ದ ಅವಳ ಮಾತಿನ ಮೇಲೇ ಇತ್ತು. ತುಟಿಗಳು ಆಡಿದವು, ದನಿ ಹೊರಡಲಿಲ್ಲ. ವ್ಯಾಪಾರಿ ತಮಗೆ ಬೇಕೆನಿಸಿದಾಗಲೇ ಅವಳ ಕೈ ಬಿಟ್ಟರು.

ಪರದೆ ಬಿದ್ದ ಮೇಲೆ ಬಣ್ಣವನ್ನೂ ತೊಳೆಯದೆ ನನ್ನ ಬಳಿ ಬಂದಳು. "ನಿಮ್ಮ ತುಟಿ ಅಲುಗ್ಯಾಡಿದ್ವು. ಅಲ್ಲೇನ ಬರದೈತಿ, ಓದ್ರಿ."

ಓದಿದೆ. ಇನ್ನೊಮ್ಮೆ ಓದಿಸಿದಳು. ತನ್ನ ಹಾಳೆ ಮುಂದೆ ಹಿಡಿದು, "ಇದರಾಗ ಬರೀರಿ. ರವಿವಾರ ಸೋಲಾಪುರದ ಆಟದಾಗ ಅಂತೀನಿ," ಎಂದಳು.

ಬರೆಯುತ್ತಿದ್ದಾಗ ವ್ಯಾಪಾರಿ ತಲೆಯ ಪಟಗಾ ಬಿಚ್ಚುತ್ತ ಬಂದರು. "ಏನ ಬರ್ಯಾಕತ್ತೀರಿ ಮಾಸ್ತರ?"

"ಆಕಿ ಮಾತು. ಬರಿಯೂದ ಮರ್ತಿದ್ದೆ," ಎಂದೆ.

ಮರೆತಿರಲಿಲ್ಲ. ಆ ಸುಳ್ಳನ್ನೂ ಹಾಳೆ ನೋಡುತ್ತಲೇ ಹೇಳಿದೆ. ಅವಳು ನನ್ನ ಕೈಯಿಂದ ಹಾಳೆ ಎಳೆದುಕೊಂಡು, ಅವರಿಗೆ ಎದುರಾಗಿ ನಿಂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು.