ಹುಟ್ಟದ ಮನುಷ್ಯನ ಪರ ನಿಂತ ಕಾಕಾ

ಮಕ್ಕಳೇ, ಭಾಲ್ಕಿಯಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ಕಾಕಾ ಇದ್ದರು. ಹಣೆಯ ವಿಭೂತಿ ಅಳಿಸದಂತೆ ಕೆನ್ನೆಯ ಬೆವರನ್ನಷ್ಟೇ ಒರೆಸಿಕೊಳ್ಳುವವರು. "ಹೊಟ್ಟ್ಯಾಗಿಂದೂ ಮನುಷ್ಯಾನೇ ಅದರಿ" ಎಂಬುದು ಅವರ ಮಾತು. ಆ ಮನುಷ್ಯನ ಮೇಲೆ ಅವರಿಗೆ ಬಹಳ ಪ್ರೀತಿ. ಅದು ಎದುರು ಮಾತಾಡುವುದಿಲ್ಲವಲ್ಲ!

ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆಂದು ತಾಯಿಗೆ ಲಿಂಗ ಕಟ್ಟುವ ಪದ್ಧತಿ ಅವರಲ್ಲಿದೆ. ಸೊಸೆ ಬಸಿರಾದಾಗ ಕಾಕಾ ಮೂರನೇ ತಿಂಗಳಿಗೇ ಲಿಂಗ ತಂದಿಟ್ಟರು. ಅವಳ ಗುಳಿಗೆ ತರುವುದನ್ನಷ್ಟೇ ಮರೆತರು. ಅವಳ ಹೃದಯ ಕಾಯಿಲೆಯಿಂದ ಮೊದಲೇ ಸೋತಿತ್ತು. "ಕೂಸು ತೆಗೆಸದಿದ್ರ ನೀ ಉಳಿಯೂದಿಲ್ಲವಾ" ಎಂದು ಬೀದರಿನ ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ಕಾಕಾ ಖಟಕ ಚಿಂಚೋಳಿಯಿಂದ ಇಬ್ಬರು ಹಿರಿಯರನ್ನು ಕರೆಸಿದರು. ಕೂಸಿನ ಪರ ಜೋರು ವಾದ ನಡೆಯಿತು. ಎದುರು ವಾದಿಸುವವರು ಯಾರೂ ಇರಲಿಲ್ಲ, ಆದರೂ ಸಂಜೆಯಾಯಿತು. ಮಗ ಅಪ್ಪನ ಹಿಂದೆ ಕೂತು ತಲೆಯಾಡಿಸಿದ. ಸೊಸೆ ಮತ್ತೆ ಮತ್ತೆ ಚಹಾ ತಂದುಕೊಟ್ಟಳು. ಕೊನೆಗೆ ಕೂಸು ಮನುಷ್ಯನೇ ಎಂದು ತೀರ್ಮಾನವಾಯಿತು. ಚಹಾ ಕೊಟ್ಟವಳ ವಿಷಯ ಅಂದು ಚರ್ಚೆಗೆ ಬರಲಿಲ್ಲ.

ವಾದದ ಗದ್ದಲ ಕೇಳಿ ಬಂದ ನಾನು ಅವರ ಬಾಗಿಲ ಮರೆಯಲ್ಲಿದ್ದೆ. ಅವಳು ಖಾಲಿ ಕಪ್ಪುಗಳನ್ನು ಎತ್ತಿಟ್ಟು ಸೆರಗು ಸರಿಮಾಡಿಕೊಂಡಳು.

"ಮಾಮಾ, ಕೂಸಿನ ಮಾತು ನೀವ್ ಮಾತಾಡ್ರಿ. ನಂಗ ಬದುಕೂದು ಅದರಿ. ನಾ ಬೀದರಕ್ಕ ದವಾಖಾನಿಗಿ ಹೊಂಟೀನಿ."

ಹಿರಿಯರು ಕಪ್ಪಿಲ್ಲದ ಕೈಗಳನ್ನೇ ನೋಡಿಕೊಂಡರು. ಅವಳು ನನ್ನ ಕೈ ಹಿಡಿದು ಹೊಸ್ತಿಲು ದಾಟಿದಳು. ಹಿಂದಿನಿಂದ ಕಾಕಾ ಗಾಬರಿಯಿಂದ ಕೂಗಿದರು:

"ಮತ್ತ ರಾತ್ರಿಗಿ ರೊಟ್ಟಿ ಯಾರ್ ಬಡೀತಾರವಾ?"