ಹದಿನಾಲ್ಕು ದೋಷ, ಒಂದು ರಂಗೂನ್ ಮನೆ

ನಾನು ಇತಿಹಾಸ ಓದಿದವನಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಓದಿದ್ದು ಕೆಮಿಸ್ಟ್ರಿ, ಊರು ದಾವಣಗೆರೆ ಹತ್ರ, ಕೆಲಸ ವಿಶಾಖಪಟ್ಣದ ಪಕ್ಕ ಪರವಾಡದ ಒಂದು ಔಷಧಿ ಫ್ಯಾಕ್ಟ್ರೀಲಿ, ಕ್ವಾಲಿಟಿ ಚೆಕಿಂಗು. ಆದ್ರೆ ಹಳೇ ಮ್ಯಾಪು, ಬ್ರಿಟಿಷರ ಕಾಲದ ಫೋಟೋ ಅಂದ್ರೆ ಹುಚ್ಚು. ಎಲ್ಲಾ ಮೊಬೈಲಲ್ಲಿ ಹುಡುಕಿ ಹುಡುಕಿ ಕಲ್ತಿದ್ದು. ವಾರದ ರಜೆ ಬಂತು ಅಂದ್ರೆ ರೂಮ್‌ಮೇಟು ಬೀಚ್ ರೋಡಿಗೆ, ನಾನು ಹಾರ್ಬರ್ ಕಡೆ ವನ್ ಟೌನಿಗೆ. ವಿಶಾಖಪಟ್ಣದ ಹಳೇ ಪೇಟೆ ಅದು.

ಅಲ್ಲೇ ಆ ಮನೆ ಸಿಕ್ಕಿದ್ದು. ನಾಡಹೆಂಚು, ಮಹಡಿಗೆ ಮರದ ಜಾಲರಿ, ತೊಲೆಗಳು ಒಂದೊಂದೂ ನನ್ನ ಎರಡು ತೋಳಷ್ಟು ದಪ್ಪ. ರಸ್ತೇಲಿ ಬಾಯಿ ಬಿಟ್ಕೊಂಡು ನಿಂತಿದ್ದೆ. ಒಳಗಿಂದ ಒಬ್ರು ಅಜ್ಜಿ, ವಯಸ್ಸು ಎಂಬತ್ತರ ಮೇಲೆ, ಬಂದು ಏನ್ ಬೇಕು ಅಂದ್ರು. ನನ್ನ ಮುರುಕು ತೆಲುಗಲ್ಲಿ ಮರ ನೋಡ್ತಿದೀನಿ ಅಂದೆ. ಅವ್ರು ನಕ್ಕು ಒಳಗೆ ಕರೆದ್ರು. ಅವತ್ತಿಂದ ಅವ್ರು ನಂಗೆ ಮಾಮ್ಮ. ಇಲ್ಲಿ ಅಜ್ಜೀನ ಹಂಗೇ ಕರೆಯೋದು. ನಾನು ಅವ್ರಿಗೆ ಬಾಬು.

ತೊಲೆ ಎಲ್ಲಾ ರಂಗೂನಿಂದ ಹಡಗಲ್ಲಿ ಬಂದಿದ್ದಂತೆ. ಮಾಮ್ಮನ ಅಪ್ಪ ಅಲ್ಲಿ ಅಕ್ಕಿ ಮಿಲ್ಲಲ್ಲಿ ಕೂಲಿಗಳ ಮೇಸ್ತ್ರಿ. ಆಗ ಅದು ಬರ್ಮಾದ ರಾಜಧಾನಿ. ದೊರೆಗಳ ಕಡೆ ರಸ್ತೆ ನೂಲು ಹಿಡಿದಂಗೆ ನೇರ, ಬೀದಿಗೆಲ್ಲಾ ನಂಬರು, ಸಂಜೆ ಬ್ಯಾಂಡು. ಅದೇ ಬೀದಿ ಹಿಂದುಗಡೆ, ಈ ಕರಾವಳಿಯಿಂದ ಹೋದ ಕೂಲಿಗಳು ಒಂದೊಂದು ಕೋಣೇಲಿ ಮೂವತ್ತು ಜನ, ಪಾಳಿ ಮೇಲೆ ನಿದ್ದೆ. ಒಬ್ಬ ಎದ್ದ ಚಾಪೆ ಆರೋದ್ರೊಳಗೆ ಇನ್ನೊಬ್ಬ ಮಲಗ್ತಿದ್ದ ಅಂತ ಮಾಮ್ಮ ಹೇಳೋವಾಗ ನಂಗೆ ಪರವಾಡದ ನಮ್ಮ ರೂಮೇ ಕಣ್ಮುಂದೆ ಬಂತು. ನಾನು ಜನರಲ್ ಶಿಫ್ಟಿಗೆ ಕಂಪ್ನಿ ಬಸ್ ಹತ್ತಿದ್ರೆ ನನ್ನ ಹಾಸಿಗೇಲಿ ನೈಟ್ ಶಿಫ್ಟಿನವನು.

"ನಿಮ್ಮಪ್ಪ ಎಲ್ಲಿ ಮಲಗ್ತಿದ್ರು ಮಾಮ್ಮ?" ಅಂದೆ.

"ಅವ್ರು ಮೇಸ್ತ್ರಿ. ಕಿಟಕಿ ಇರೋ ಕೋಣೆ," ಅಂದ್ರು. ಆಮೇಲೆ ತೊಲೆ ಕಡೆ ನೋಡಿ, "ಆ ಮೂವತ್ತು ಜನದ ಬೆವರೇ ಈ ತೊಲೆ ಅಂತ ಸಾಯೋವಾಗ ಹೇಳಿದ್ರು," ಅಂದ್ರು. ಎರಡನೇ ಮಹಾಯುದ್ಧದಲ್ಲಿ ರಂಗೂನಿಗೆ ಬಾಂಬು ಬಿದ್ದಾಗ ಅಪ್ಪ ಕಾಡಲ್ಲಿ ನಡ್ಕೊಂಡೇ ವಾಪಸ್ ಬಂದಿದ್ದು. ಮರ ಮಾತ್ರ ಮುಂಚೇನೇ ಬಂದಿತ್ತು.

ಮನೆ ಹಾಳಾಗ್ತಿತ್ತು. ಕಾಗದದ ಪ್ರಕಾರ ಅದು ಮಾಮ್ಮನ ತಮ್ಮನ ಮಗನದ್ದು. ಅವ್ರಿರೋದು ವಿಜಯವಾಡದ ಭವಾನಿಪುರಂ ಅಪಾರ್ಟ್‌ಮೆಂಟಲ್ಲಿ. ರಿಪೇರಿ ಮಾಡ್ಸು ಅಂತ ಮಾಮ್ಮ ಫೋನಲ್ಲಿ ಕೇಳ್ತಾನೇ ಇದ್ರು, ಅವ್ರು ನೋಡೋಣ ಅತ್ತಾ ಅಂತಾನೇ ಇದ್ರು. ಎಲ್ಲೆಲ್ಲಿ ಏನೇನು ಹಾಳಾಗಿದೆ ಅಂತ ನಾನು ಬರೆದು ಕೊಡ್ತೀನಿ, ಬರೆದಿದ್ರೆ ಯಾರೂ ಇಲ್ಲ ಅನ್ನಕ್ಕಾಗಲ್ಲ ಅಂದೆ. ಯಾರೂ ಕೇಳಿರ್ಲಿಲ್ಲ, ನಾನೇ ಹೇಳಿದ್ದು.

ಎರಡು ರಜೆ ಕೂತು ಮಾಡ್ದೆ. ಫ್ಯಾಕ್ಟ್ರೀಲಿ ಹೆಂಗೆ ಮಾಡ್ತೀವೋ ಹಂಗೇ. ಮೊದ್ಲು ದೋಷ, ಒಂದೂ ಮುಚ್ಚಿಡಂಗಿಲ್ಲ. ಬಿರುಕು ಎಷ್ಟಗಲ, ಗೋಡೆ ಎಷ್ಟು ವಾಲಿದೆ, ಗೆದ್ದಲು ಎಲ್ಲೆಲ್ಲಿ, ಎಲ್ಲಾದಕ್ಕೂ ಫೋಟೋ. ಒಟ್ಟು ಹದಿನಾಲ್ಕು, ಮೂರು ಪುಟ. ಮೂರನೇ ಪುಟದ ಕೊನೇ ಸಾಲು, ಈಗಿನ ಸ್ಥಿತೀಲಿ ವಾಸಕ್ಕೆ ಯೋಗ್ಯವಲ್ಲ. ಏನೇನು ಸರಿ ಮಾಡ್ಬೋದು ಅನ್ನೋದು ನಾಲ್ಕನೇ ಪುಟ. ಕೆಳಗೆ ನನ್ನ ಸೈನು.

ಟ್ರೈನ್ ಹತ್ತಿ ವಿಜಯವಾಡಕ್ಕೆ ನಾನೇ ಹೋಗಿ ಆ ತಮ್ಮನ ಮಗಂಗೆ ಕೊಟ್ಟೆ. ಒಳ್ಳೇ ಮನುಷ್ಯ, ಊಟ ಹಾಕಿದ್ರು. ಬಾಲ್ಕನಿಗೆ ಕರ್ಕೊಂಡು ಹೋಗಿ ಕೃಷ್ಣಾ ನದಿ ಆ ಕಡೆ ಕೈ ತೋರ್ಸಿ, ಅಲ್ಲಿ ಆಂಧ್ರದ ಹೊಸ ರಾಜಧಾನಿ ಏಳ್ತಿದೆ ಬ್ರದರ್, ಹಳೇದು ಕಟ್ಕೊಂಡು ಏನ್ ಮಾಡ್ತೀರಾ ಅಂತ ತಮಾಷೆ ಮಾಡಿದ್ರು. ನಾನೂ ನಕ್ಕೆ. ರಿಪೋರ್ಟು ಓದಿ, ಇಷ್ಟು ನೀಟಾಗಿ ಯಾರೂ ಹೇಳಿರ್ಲಿಲ್ಲ ಅಂದ್ರು. ವಾಪಸ್ ಬರೋವಾಗ ಟ್ರೈನಲ್ಲಿ ಖುಷಿಗೆ ನಿದ್ದೆ ಬರ್ಲಿಲ್ಲ.

ಎರಡು ವಾರ ಬಿಟ್ಟು ಮಾಮ್ಮನ ಹತ್ರ ಹೋದ್ರೆ ಆ ತಮ್ಮನ ಮಗ ವನ್ ಟೌನ್ ಮನೇಲೇ ಕೂತಿದ್ರು, ತೊಡೆ ಮೇಲೆ ನನ್ನ ರಿಪೋರ್ಟು. ಮನೆ ಕೆಡವೋದು, ಅತ್ತೇನ ಭವಾನಿಪುರಂಗೆ ಕರ್ಕೊಂಡು ಹೋಗೋದು, ಎಲ್ಲಾ ತೀರ್ಮಾನ ಆಗಿತ್ತು. ಇನ್ನೂ ಒಂದು ಪುಟ ಇದೆ ಸರ್ ಅಂದೆ. ನೋಡಿದೀನಿ, ಆದ್ರೆ ನೀವೇ ಬರೆದಿದೀರಲ್ಲ, ನಾಳೆ ಇವ್ರ ತಲೆ ಮೇಲೆ ತೊಲೆ ಬಿದ್ರೆ ಯಾರು ಜವಾಬ್ದಾರಿ ಅಂದ್ರು. 

ಮಾಮ್ಮ ನನ್ನ ಕಡೆ ತಿರುಗಿದ್ರು. "ಇದು ನೀನು ಬರೆದಿದ್ದಾ ಬಾಬು?"

"ಹೌದು ಮಾಮ್ಮ."

"ಸುಳ್ಳು ಏನಾದ್ರೂ ಬರೆದಿದೀಯಾ?"

"ಇಲ್ಲ."

"ಮತ್ತೆ ಬಿಡು," ಅಂದು ಕಾಫಿ ಮಾಡಕ್ಕೆ ಒಳಗೆ ಹೋದ್ರು.

ಬೈದಿದ್ರೆ ಎಷ್ಟೋ ವಾಸಿ ಇತ್ತು.

ಮರ ಕೊಂಡ್ಕೊಳ್ಳೋರಿಗೆ ಒಂದು ಲಿಸ್ಟು ಬೇಕು, ನೀವೇ ನಂಬರ್ ಹಾಕಿ ಕೊಡಿ, ನಿಮ್ಮ ಕೆಲಸ ನೀಟು ಅಂತ ಭವಾನಿಪುರಂನಿಂದ ಫೋನ್ ಬಂತು. ಆಗಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಬೇರೆ ಯಾರೋ ಬಂದು ಗೀಚೋದಕ್ಕಿಂತ ನಾನೇ ಅಂತ ಸಮಾಧಾನ ಮಾಡ್ಕೊಂಡೆ. ಚಾಕ್‌ಪೀಸು ತಗೊಂಡು ತೊಲೆಗಳ ಮೇಲೆ ಒಂದು, ಎರಡು, ಮೂರು ಅಂತ ಬರೀತಾ ಹೋದೆ. ರಂಗೂನಿನ ಬೀದಿಗಳಿಗೂ ಹಿಂಗೇ ಹಾಕಿದ್ರಂತಲ್ಲ ಅಂತ ನೆನಪಾಯ್ತು. ಮೂವತ್ತೊಂದು ಮುಗ್ಸಿ ಮುಂಬಾಗಿಲ ಹತ್ರ ಬಂದಾಗ ಮಾಮ್ಮ ಅಡ್ಡ ನಿಂತಿದ್ರು.

"ಇದಕ್ಕೆ ಈಗ್ಲೇ ಹಾಕ್ಬೇಡ. ಇನ್ನೂ ನಾಲ್ಕು ದಿನ ಅಗುಳಿ ಹಾಕ್ಕೋಬೇಕು ನಾನು."

ಲಿಸ್ಟಲ್ಲಿ ಮೂವತ್ತೆರಡನೇ ಸಾಲು ಖಾಲಿ ಬಿಟ್ಟೆ. ನಮ್ಮ ಕೆಲಸದಲ್ಲಿ ಖಾಲಿ ಸಾಲು ಬಿಡಂಗೇ ಇಲ್ಲ.